ಗಟ್ಟಿ ಸ್ಪ್ರಿಂಗು, ತವರಿನ ಅಕ್ಕಿ

ಕಾರಿಗೆ ಯಾವ ಶಾಕ್‌ಅಬ್ಸಾರ್ಬರ್ ಹಾಕಿಸಬೇಕು ಎನ್ನುವ ವಿಷಯಕ್ಕೆ ನಮ್ಮ ಮನೆಯಲ್ಲಿ ವಾರಗಟ್ಟಲೆ ಜಗಳ ನಡೆಯಿತು. ಹೆಣ್ಣು ನೋಡಲು ಹೋದವರೂ ಇಷ್ಟು ತಲೆ ಕೆಡಿಸಿಕೊಳ್ಳುವುದಿಲ್ಲ ಎಂದರು ನಮ್ಮ ಮನೆಯವರು. ನನ್ನನ್ನು ನೋಡಲು ಬಂದಾಗ ನೀವು ಸ್ವಲ್ಪ ತಲೆ ಕೆಡಿಸಿಕೊಂಡಿದ್ದರೆ ಇವತ್ತು ಈ ತಾಪತ್ರಯ ಇರುತ್ತಿರಲಿಲ್ಲ ಎಂದೆ ನಾನು. ನನ್ನ ಬಾಯಿ ಮೊದಲಿನಿಂದಲೂ ಹೀಗೇ.

ನಮ್ಮದು ಶಿಕಾರಿಪುರದಲ್ಲಿ ಹಾರ್ಡ್‌ವೇರ್ ಅಂಗಡಿ. ಮನೆಗೆ ಇರುವುದು ಒಂದೇ ಸಣ್ಣ ಕಾರು. ವಾರವಿಡೀ ಅದು ಅಂಗಡಿಯ ಪೈಪು, ಪೇಂಟಿನ ಡಬ್ಬಿ ಹೊರುತ್ತದೆ, ಮದುವೆ ಮುಂಜಿಗೆ ಹೋಗುತ್ತದೆ, ನಮ್ಮತ್ತೆಯನ್ನು ಶಿವಮೊಗ್ಗದ ಕಣ್ಣಿನ ಆಸ್ಪತ್ರೆಗೆ ಕರೆದೊಯ್ಯುತ್ತದೆ. ಬತ್ತದ ಕೊಯ್ಲು ಮುಗಿದ ಮೇಲೆ ಮಾತ್ರ ಅದಕ್ಕೆ ಇನ್ನೊಂದು ಕೆಲಸ. ಸೊರಬದ ಕಡೆ, ಶಿವಮೊಗ್ಗದ ಕಡೆ, ಕೊಯ್ದ ಗದ್ದೆಯ ಬದು ಒಡೆದು, ರೋಲರ್ ಹೊಡೆಸಿ, ಮಣ್ಣಿನ ಟ್ರ್ಯಾಕ್ ಮಾಡಿ ಕಾರ್ ರೇಸ್ ಇಡುತ್ತಾರೆ. ಹೆಂಗಸರಿಗೆ ಬೇರೆಯೇ ವಿಭಾಗ. ಒಮ್ಮೆ ನೋಡಲು ಹೋದವಳು ಮರುವರ್ಷ ಹೆಲ್ಮೆಟ್ ಹಾಕಿಕೊಂಡು ಇಳಿದೆ. ನಲವತ್ತು ದಾಟಿದ ಮೇಲೆ ಈ ಹುಚ್ಚು ಯಾಕೆ ಎಂದು ಬೀದಿಯವರೆಲ್ಲ ಕೇಳಿದರು. ಇಪ್ಪತ್ತರಲ್ಲಿ ನನ್ನ ಕೈಗೆ ಕೀ ಕೊಟ್ಟವರು ಯಾರಿದ್ದರು ಎಂದು ನಾನೂ ಕೇಳಿದೆ.

ಕಂಪನಿಯಿಂದ ಬಂದ ಶಾಕು ರಸ್ತೆಗೆ ಚೆನ್ನ, ಟ್ರ್ಯಾಕಿಗೆ ದಂಡ. ತಿರುವಿನಲ್ಲಿ ಕಾರು ಒಂದು ಕಡೆಗೆ ವಾಲಿ, ಒಳಗಿನ ಚಕ್ರ ನೆಲ ಬಿಡುತ್ತಿತ್ತು. ಅದಕ್ಕೇ ಬೇಕಾದ ಹಾಗೆ ಹೊಂದಿಸಿಕೊಳ್ಳಬಹುದಾದ ಶಾಕು ಹಾಕಿಸೋಣ ಎಂದು ಹೊರಟೆ. ನಮ್ಮ ಗ್ಯಾರೇಜಿನ ಮೇಸ್ತ್ರಿ ವಿಷಯವನ್ನು ಬಿಡಿಸಿ ಹೇಳಿದರು. ಕಾರಿನ ಭಾರ ಹೊರುವುದು ಸ್ಪ್ರಿಂಗು. ಆ ಸ್ಪ್ರಿಂಗಿನ ಕುಣಿತವನ್ನು ಹಿಡಿದು ನಿಲ್ಲಿಸುವುದು ಶಾಕು. ಹೊಸ ಶಾಕಿನ ತಲೆಯ ಮೇಲೆ ಒಂದು ತಿರುಪು ಇರುತ್ತದೆ. ಮುಂದಿನದಕ್ಕೆ ಬಾನೆಟ್ ಎತ್ತಬೇಕು, ಹಿಂದಿನದಕ್ಕೆ ಡಿಕ್ಕಿ ತೆರೆಯಬೇಕು. ಕಟ್ ಕಟ್ ಎಂದು ತಿರುಗಿಸಿದರೆ ಬಿಗಿ, ಹಿಂದಕ್ಕೆ ತಿರುಗಿಸಿದರೆ ಸಡಿಲ. 

"ಆದ್ರೆ ಅಕ್ಕಾರೆ, ತಿರುಪಿಂದ ಶಾಕ್ ಬದಲಾಗ್ತದೆ, ಸ್ಪ್ರಿಂಗ್ ಬದಲಾಗಂಗಿಲ್ಲ. ಸ್ಪ್ರಿಂಗು ಮೆತ್ತಂದು ಬೇಕೋ ಗಟ್ಟಿದು ಬೇಕೋ, ಅದನ್ನ ಈಗ್ಲೇ ಹೇಳ್ರಿ," ಎಂದರು ಮೇಸ್ತ್ರಿ.

ಜಗಳ ಶುರುವಾದದ್ದೇ ಇಲ್ಲಿ. ಮೆತ್ತನೆಯ ಸ್ಪ್ರಿಂಗಾದರೆ ಊರೊಳಗೆ ಸುಖ, ಟ್ರ್ಯಾಕಿನಲ್ಲಿ ಅರ್ಧ ಪ್ರಯೋಜನ. ಗಟ್ಟಿಯದಾದರೆ ಟ್ರ್ಯಾಕಿನಲ್ಲಿ ಕಾರು ಹೇಳಿದ ಮಾತು ಕೇಳುತ್ತದೆ, ಊರೊಳಗೆ ಪ್ರತಿ ಹಂಪೂ ಸೊಂಟಕ್ಕೆ ಗೊತ್ತಾಗುತ್ತದೆ. ವರ್ಷದಲ್ಲಿ ಮೂರು ನಾಲ್ಕು ದಿನದ ಆಟಕ್ಕೆ ವರ್ಷವೆಲ್ಲ ಕುಲುಕಿಸಿಕೊಳ್ಳಬೇಕೇ ಎಂದು ನಮ್ಮ ಮನೆಯವರ ವಾದ. ಅವರ ಮಾತಿನಲ್ಲಿ ನ್ಯಾಯವಿತ್ತು. ನ್ಯಾಯವಿದ್ದದ್ದಕ್ಕೇ ನನಗೆ ಹೆಚ್ಚು ಸಿಟ್ಟು ಬಂದಿತ್ತು.

ಜಗಳ ತೀರಿಸಿದವರು ನಮ್ಮತ್ತೆ. ಅವರು ಸೊರಬ ತಾಲ್ಲೂಕಿನ ಕುಪ್ಪಗಡ್ಡೆಯ ಹೆಣ್ಣುಮಗಳು. ಚಿಕ್ಕಂದಿನಲ್ಲಿ ಒಕ್ಕಣೆ ಮಾಡುವಾಗ ಬತ್ತದ ಮುಳ್ಳಿನಂಥ ಸುಂಕು ತಾಗಿ, ಸರಿಯಾದ ಮದ್ದಿಲ್ಲದೆ, ಎಡಗಣ್ಣು ಹೋಗಿಬಿಟ್ಟಿತ್ತು. ಉಳಿದ ಬಲಗಣ್ಣೊಂದರಲ್ಲಿ ಅಕ್ಕಿ ಆರಿಸಿದರು, ಮಕ್ಕಳನ್ನು ಸಾಕಿದರು, ಈಗ ನನ್ನ ರೇಸನ್ನೂ ನೋಡುತ್ತಾರೆ. ಗದ್ದೆಯ ಬದುವಿನ ಮೇಲೆ ಕುರ್ಚಿ ಹಾಕಿಸಿಕೊಂಡು, ಕೊಡೆ ಹಿಡಿದು, ಧೂಳು ತಿನ್ನುತ್ತಾ ಕೂರುತ್ತಾರೆ. ನಾನು ಸೋತು ಬಂದರೆ "ಆ ನೀಲಿ ಕಾರಿನೋಳು ನಿಂಗೆ ದಾರಿ ಬಿಡ್ಲೇ ಇಲ್ಲ, ನಾ ನೋಡಿದೀನಿ" ಎಂದು ನನ್ನ ಪರವಾಗಿ ಹೊಡೆದಾಟಕ್ಕೆ ನಿಲ್ಲುತ್ತಾರೆ. ಎಲ್ಲರ ಕಾರೂ ಒಂದೊಂದಾಗಿ ಓಡುವ ರೇಸದು, ದಾರಿ ಬಿಡುವ ಮಾತೇ ಇಲ್ಲ. ಹಾಗಂತ ನಾನು ಅವರಿಗೆ ಯಾವತ್ತೂ ತಿದ್ದಿ ಹೇಳಲಿಲ್ಲ.

"ಗಟ್ಟಿದೇ ಹಾಕ್ಸು. ನಂಗೆ ಕುಲುಕ್ತದೆ ಅಂತ ನೀವು ಗಂಡ ಹೆಂಡ್ತಿ ಜಗಳ ಆಡೋದು ಬ್ಯಾಡ. ನಾನು ಎತ್ತಿನ ಗಾಡೀಲಿ ಬೆಳೆದೋಳು," ಎಂದರು ಅತ್ತೆ.

"ಅತ್ತಿ, ಆಮೇಲೆ ಸೊಂಟ ಅಂತ ಕೂಗಿದ್ರೆ ನಾ ಕೇಳಂಗಿಲ್ಲ ನೋಡ್ರಿ."

"ನೀ ಯಾವತ್ತು ಯಾರ ಮಾತು ಕೇಳೀದಿ ಮಾರಾಯ್ತಿ?"

ಗಟ್ಟಿ ಸ್ಪ್ರಿಂಗೇ ಬಂತು. ಹಾಕಿಸಿದ ದಿನ ಅತ್ತೆಯನ್ನು ಹಿಂದೆ ಕೂರಿಸಿಕೊಂಡು ಊರು ಸುತ್ತಿದೆ. ಬಸ್‌ಸ್ಟ್ಯಾಂಡ್ ಮುಂದಿನ ಹಂಪಿನ ಮೇಲೆ ಅವರ ತಲೆ ಮೇಲಕ್ಕೆ ಹೋಗಿ ಬಂತು. "ಚಲೋ ಅದೆ" ಎಂದರು. ಮುಖ ಮಾತ್ರ ಬೇರೆ ಹೇಳುತ್ತಿತ್ತು. ತಿರುಪನ್ನು ಪೂರ್ತಿ ಸಡಿಲ ಮಾಡಿದರೆ ಎಲ್ಲ ಸರಿಹೋಗುತ್ತದೆ ಎಂದುಕೊಂಡೆ.

ಆ ವರ್ಷದ ಮೊದಲ ರೇಸು ಸೊರಬದ ಹತ್ತಿರದ ಬಯಲಿನಲ್ಲಿ, ಭಾನುವಾರಕ್ಕೆ ಇತ್ತು. ಕೊಯ್ಲಿನ ನೆಪದಲ್ಲಿ ಅತ್ತೆ ಮೊದಲೇ ಕುಪ್ಪಗಡ್ಡೆಯ ತವರಿಗೆ ಹೋಗಿದ್ದರು. ರೇಸಿನ ದಿನ ಅಲ್ಲಿಂದಲೇ ಅವರನ್ನು ಕರೆದುಕೊಂಡು ಹೋಗುವುದೆಂದು ಮಾತಾಗಿತ್ತು. ಗುರುವಾರ ಬೆಳಿಗ್ಗೆ ನಾನು ಒಬ್ಬಳೇ ಹೋಗಿ ಟ್ರ್ಯಾಕಿನಲ್ಲಿ ಕಾರು ಓಡಿಸಿ ನೋಡುತ್ತಿದ್ದೆ. ನಾಲ್ಕೂ ತಿರುಪು ಬಿಗಿ ಮಾಡಿದ್ದೆ. ಕಾರು ಎಷ್ಟು ಚೆನ್ನಾಗಿ ತಿರುಗುತ್ತಿತ್ತೆಂದರೆ ಹೆಲ್ಮೆಟ್ಟಿನ ಒಳಗೇ ನಗುತ್ತಿದ್ದೆ. ಆಗ ಫೋನು ಬಂತು. ಮಾಡಿದವರು ಅತ್ತೆಯ ತಮ್ಮನ ಹೆಂಡತಿ. ನಾನು ಅವರನ್ನು ಚಿಕ್ಕತ್ತೆ ಎನ್ನುತ್ತೇನೆ.

"ನಿಮ್ಮತ್ತೆಗೆ ಕಣ್ಣು ಒಂಥರ ಆಗ್ತಿದ್ಯಂತೆ ಕಣೇ. ನಿನ್ನೆಯಿಂದ ಒಳಗೆ ಮಿಂಚು ಹೊಡೆದಂಗೆ ಆಗ್ತಿತ್ತಂತೆ, ನಮಗೆ ಹೇಳ್ಲೇ ಇಲ್ಲ. ಈಗ ಕೆಳಗಿಂದ ಕಪ್ಪು ಏರ್ತಾ ಅದೆ ಅಂತಾರೆ. ಎಂತ ಮಾಡದು?"

ಅತ್ತೆಯ ಬಲಗಣ್ಣಿನ ಪೊರೆ ತೆಗೆದಾಗಲೇ ಶಿವಮೊಗ್ಗದ ಡಾಕ್ಟರು ಎಚ್ಚರಿಸಿದ್ದರು. ಮಿಂಚು, ಕಪ್ಪು ನೆರಳು, ಏನು ಕಂಡರೂ ಒಂದು ದಿನವೂ ಕಾಯಬೇಡಿ ಎಂದಿದ್ದರು. ಅವರಿಗೆ ಫೋನ್ ಮಾಡಿದೆ. ಕಣ್ಣಿನ ಹಿಂದಿನ ಪರದೆ ಬಿಟ್ಟುಕೊಳ್ಳುತ್ತಿದೆ ಎಂದರು. ಗೋಡೆಯ ಕಾಗದ ಮೇಲಿನಿಂದ ಬಿಚ್ಚಿ ಬರುವ ಹಾಗೆ. ಅದು ನಡುಭಾಗದ ತನಕ ಬಿಚ್ಚಿತೆಂದರೆ ಆಪರೇಷನ್ ಮಾಡಿದರೂ ನೋಟ ಪೂರ್ತಿ ಬರುವುದಿಲ್ಲ.

"ಸಂಜೆಯೊಳಗೆ ತಲುಪಿಸಿ. ಅಂಗಾತ ಮಲಗಿಸಿ ಕರ್ಕೊಂಡ್ಬನ್ನಿ. ತಲೆ ಕುಲುಕಬಾರದು," ಎಂದರು ಡಾಕ್ಟರು.

"ಬೇಗ ಬರ್ಬೇಕೋ, ನಿಧಾನ ಬರ್ಬೇಕೋ, ಒಂದು ಹೇಳ್ರಿ ಡಾಕ್ಟ್ರೇ."

"ಎರಡೂ," ಎಂದರು ಅವರು.

ನಮ್ಮ ಮನೆಯವರು ದಾವಣಗೆರೆಗೆ ಮಾಲು ತರಲು ಹೋಗಿದ್ದರು. ಆಂಬುಲೆನ್ಸು ಬೇರೆ ಕೇಸಿಗೆ ಹೋಗಿತ್ತು. ಕುಪ್ಪಗಡ್ಡೆಯ ಮನೆಯಲ್ಲಿದ್ದದ್ದು ಬತ್ತ ಸಾಗಿಸುವ ಪಿಕಪ್ಪು, ಅದರಲ್ಲಿ ಆರೋಗ್ಯವಂತರೇ ಕೂರಲಾರರು. ಉಳಿದದ್ದು ನನ್ನ ಗಟ್ಟಿ ಸ್ಪ್ರಿಂಗಿನ ಕಾರು. ಹೆಲ್ಮೆಟ್ ಅಲ್ಲೇ ಬಿಸಾಡಿ, ಬಾನೆಟ್ ಎತ್ತಿ, ಡಿಕ್ಕಿ ತೆರೆದು, ನಾಲ್ಕೂ ತಿರುಪನ್ನು ಇನ್ನು ತಿರುಗುವುದಿಲ್ಲ ಎನ್ನುವಷ್ಟು ಸಡಿಲ ಮಾಡಿದೆ. ಆ ಸ್ಪ್ರಿಂಗನ್ನೂ, ಅದನ್ನು ಮಾಡಿದವರನ್ನೂ, ಅದನ್ನು ಆಸೆಪಟ್ಟ ನನ್ನನ್ನೂ ಸೇರಿಸಿ ಬೈದುಕೊಂಡೆ.

ಕುಪ್ಪಗಡ್ಡೆ ತಲುಪಿದಾಗ ಅತ್ತೆ ಪಡಸಾಲೆಯಲ್ಲಿ ಚಾಪೆಯ ಮೇಲೆ ಅಂಗಾತ ಮಲಗಿದ್ದರು. ಹಣೆಯ ವಿಭೂತಿ ಬೆವರಿಗೆ ಕರಗಿತ್ತು. ನನ್ನ ಸಪ್ಪಳ ಕೇಳಿ "ಬಂದ್ಯಾ? ಟ್ರ್ಯಾಕ್ ಹೆಂಗದೆ?" ಎಂದರು. ನನಗೆ ಅಳುವೇ ಬಂದುಬಿಟ್ಟಿತು. ಟ್ರ್ಯಾಕ್ ಮನೆ ಹಾಳಾಗಲಿ ಎಂದೆ. ನಾನು ಬಚ್ಚಲಿಗೆ ಹೋಗಿ ಮುಖದ ಮಣ್ಣು ತೊಳೆದು ಬರುವಷ್ಟರಲ್ಲಿ ಚಿಕ್ಕತ್ತೆ ಮತ್ತು ಅವರ ಯಜಮಾನರು ಅತ್ತೆಯನ್ನು ಎತ್ತಿ ಹಿಂದಿನ ಸೀಟಿನಲ್ಲಿ ಮಲಗಿಸಿದ್ದರು. ತಲೆ ಬಲಗಡೆಯ ಬಾಗಿಲಿಗೆ, ಮಡಿಸಿದ ಕಾಲು ಎಡಗಡೆಗೆ, ತಲೆಯ ಸುತ್ತ ದಿಂಬು. ಹೊರಡುವಾಗ ಚಿಕ್ಕತ್ತೆ ಡಿಕ್ಕಿ ಮುಚ್ಚಿದ ಸದ್ದು ಕೇಳಿತು. ಬಟ್ಟೆಯ ಚೀಲ ಇಟ್ಟಿರಬೇಕು ಎಂದುಕೊಂಡೆ.

ಕನ್ನಡಿಯನ್ನು ತಿರುಗಿಸಿ ಅತ್ತೆಯ ಮುಖ ಕಾಣುವ ಹಾಗೆ ಮಾಡಿಕೊಂಡೆ. ಕಪ್ಪು ಎಲ್ಲಿಯತನಕ ಏರಿದೆ ಎಂದು ತಿಳಿಯಲು ನಮಗೊಂದು ಗುರುತು ಬೇಕಿತ್ತು. ಅದನ್ನೂ ಅವರೇ ಕಂಡುಕೊಂಡರು. ಎಡಗಡೆಯ ಮುಂದಿನ ಸೀಟಿನ ಮೇಲೆ ನೇತುಹಾಕಿದ್ದ ನನ್ನ ಕೆಂಪು ಟವೆಲ್ಲು ಅವರ ಕಣ್ಣಿಗೆ ನೇರವಾಗಿತ್ತು.

"ಟವೆಲ್ಲು ಕಾಣ್ತದೆ. ಅದರ ಕೆಳಗೆ ಏನೂ ಇಲ್ಲ, ಬರೀ ಕಪ್ಪು," ಎಂದರು.

"ಕಣ್ಣು ಮುಚ್ಕೊಂಡಿರ್ರಿ. ನಾ ಕೇಳಿದಾಗ ಮಾತ್ರ ತೆಗೀರಿ."

ಸೊರಬ ದಾಟುವ ತನಕ ರಸ್ತೆ ಪರವಾಗಿಲ್ಲ ಎನ್ನುವ ಹಾಗಿತ್ತು. ಆದರೆ ಕಾರಿನ ನಡತೆ ನನಗೆ ಹಿಡಿಸಲಿಲ್ಲ. ಹಂಪು ದಾಟಿದ ಮೇಲೆ ಅದು ನಿಲ್ಲಬೇಕಲ್ಲ, ನಿಲ್ಲುತ್ತಿರಲಿಲ್ಲ. ಎದ್ದು, ಕೂತು, ಮತ್ತೆ ಎದ್ದು, ತೊಟ್ಟಿಲಿನ ಹಾಗೆ ತೂಗುತ್ತಿತ್ತು. ಕನ್ನಡಿಯಲ್ಲಿ ಅತ್ತೆಯ ಗದ್ದ ಮೇಲೆ ಕೆಳಗೆ ಆಡುವುದು ಕಾಣುತ್ತಿತ್ತು. ಪೂರ್ತಿ ಸಡಿಲ ಮಾಡಿದ್ದೇನಲ್ಲ, ಇನ್ನೇನು ಮಾಡಲಿ ಎಂದು ನಿಧಾನ ಮಾಡಿದೆ. ನಿಧಾನ ಮಾಡಿದರೆ ಹೊತ್ತು ಹೋಗುತ್ತಿತ್ತು. ಅತ್ತೆ ಕಣ್ಣು ಮುಚ್ಚಿಕೊಂಡೇ ಊರುಗಳನ್ನು ಹೇಳುತ್ತಿದ್ದರು. ಆ ರಸ್ತೆಯಲ್ಲಿ ಐವತ್ತು ವರ್ಷ ತವರಿಗೂ ಗಂಡನ ಮನೆಗೂ ಓಡಾಡಿದವರು, ಕುಲುಕಾಟದಲ್ಲೇ ಅವರಿಗೆ ಎಲ್ಲ ಗೊತ್ತಾಗುತ್ತಿತ್ತು.

"ಇದು ಕೆರೆ ಏರಿ. ಮುಂದೆ ಸಾಲಾಗಿ ಮೂರು ಹಂಪು ಬರ್ತವೆ, ಹುಷಾರಿ."

"ಅತ್ತಿ, ಟವೆಲ್ಲು?"

"ಮುಕ್ಕಾಲು ಕಾಣ್ತದೆ."

ಶಿರಾಳಕೊಪ್ಪ ದಾಟಿ ಉಡುತಡಿಯ ಕಡೆ ಬರುವಾಗ ವೇಗ ಹೆಚ್ಚಿಸಿದೆ. ಮೆಕ್ಕೆಜೋಳ ಒಣಗಿಸುವ ಕಾಲ ಅದು. ಅರ್ಧ ರಸ್ತೆಗೆ ಕಾಳು ಹರವಿ, ವಾಹನಗಳು ಹತ್ತದಿರಲಿ ಎಂದು ಅಂಚಿಗೆ ಸಾಲಾಗಿ ತಲೆಗಾತ್ರದ ಕಲ್ಲು ಇಟ್ಟಿದ್ದರು. ಉಳಿದ ಅರ್ಧದಲ್ಲಿ ಎದುರಿಗೆ ಬಸ್ಸು ಬಂತು. ಬದಿಗೆ ಸರಿದು ಬಸ್ಸು ತಪ್ಪಿಸುವ ಭರದಲ್ಲಿ ಮುಂದಿದ್ದ ಹಂಪನ್ನು ನಾನು ತಡವಾಗಿ ನೋಡಿದೆ. ಮುಂದಿನ ಚಕ್ರಗಳು ಹೇಗೋ ದಾಟಿದವು. ಹಿಂದಿನ ಚಕ್ರ ಇಳಿಯುವಾಗ ಧಡ್ ಎಂದು ಕಬ್ಬಿಣಕ್ಕೆ ಕಬ್ಬಿಣ ಬಡಿದ ಸದ್ದಾಯಿತು. ಆ ಏಟು ನನ್ನ ಬೆನ್ನಿಗೇ ಬಿತ್ತು. ಅತ್ತೆ ಸಣ್ಣಗೆ ನರಳಿದರು.

"ಅತ್ತೀ. ಟವೆಲ್ಲು ನೋಡ್ರಿ."

ಅವರು ಕಣ್ಣು ತೆರೆದರು. "ಅರ್ಧ ಅದೆ."

ಕಾರನ್ನು ಬದಿಗೆ ನಿಲ್ಲಿಸಿ ಇಳಿದೆ. ಏನೋ ತಪ್ಪಿದೆ. ಒಬ್ಬರು ಮಲಗಿರುವ ಕಾರು, ಅಷ್ಟು ಗಟ್ಟಿ ಸ್ಪ್ರಿಂಗು, ಹಿಂದುಗಡೆ ಹೀಗೆ ತಳಕ್ಕೆ ಹೋಗಿ ಬಡಿಯಬಾರದು. ನೋಡಿದರೆ ಕಾರಿನ ಹಿಂಭಾಗ ಕೂತುಬಿಟ್ಟಿತ್ತು. ಹಿಂದಿನ ತಿರುಪು ನೋಡೋಣವೆಂದು ಡಿಕ್ಕಿ ತೆರೆದೆ. ತಿರುಪು ಕಾಣಲೇ ಇಲ್ಲ. ಡಿಕ್ಕಿಯ ತುಂಬ ಅಕ್ಕಿ. ಎರಡು ಚೀಲ ಹೊಸ ಅಕ್ಕಿ, ಅದರ ಮೇಲೆ ಒಂದು ಗೋಣಿ ತೆಂಗಿನಕಾಯಿ, ಸಂದಿಯಲ್ಲಿ ಜೋನಿಬೆಲ್ಲದ ಡಬ್ಬಿ, ಒಂದು ಬೂದುಗುಂಬಳ, ಎಲ್ಲದರ ಮೇಲೆ ಎಲೆ ಅಡಿಕೆ ಇಟ್ಟ ಕುಬುಸದ ಕಣ.

ನನಗೆ ತಲೆ ಕೆಟ್ಟುಹೋಯಿತು. ಕಣ್ಣು ಹೋಗುತ್ತಿದೆ ಎಂದು ಆಸ್ಪತ್ರೆಗೆ ಓಡುವವರ ಡಿಕ್ಕಿಗೆ ಕುಂಬಳಕಾಯಿ ತುಂಬುವವರು ನಮ್ಮ ಕಡೆಯವರಲ್ಲದೆ ಪ್ರಪಂಚದಲ್ಲಿ ಇನ್ನು ಯಾರಿದ್ದಾರೆ. ಮನೆಯ ಹೆಣ್ಣುಮಗಳು ಬರಿಗೈಯಲ್ಲಿ ಹೊಸ್ತಿಲು ದಾಟಬಾರದು, ಅಷ್ಟೇ ಅವರಿಗೆ ಗೊತ್ತು. ಆ ಹೆಣ್ಣುಮಗಳಿಗೆ ಎಪ್ಪತ್ತು ದಾಟಿರಲಿ, ಅವಳು ಅಂಗಾತ ಮಲಗಿರಲಿ, ಉಡಿ ತುಂಬಿಯೇ ಕಳಿಸಬೇಕು. ಉಡಿಗೆ ಹಿಡಿಯದ್ದು ಡಿಕ್ಕಿಗೆ.

"ಯಾವ ಪುಣ್ಯಾತ್ಮರು ಇದನ್ನೆಲ್ಲ ಹೇರಿದ್ದು?" ಎಂದು ಕೂಗಿದೆ. ಜೋಳ ಹರವುತ್ತಿದ್ದ ಹೆಂಗಸೊಬ್ಬಳು ಓಡಿ ಬಂದಳು. ನಾನು ಗೋಣಿ ಎಳೆದು ಕೆಳಗೆ ಹಾಕಿದೆ. ತೆಂಗಿನಕಾಯಿ, ಕುಂಬಳ, ಬೆಲ್ಲ ಎಲ್ಲ ಇಳಿಸಿದೆ. ನಮ್ಮ ಮನೆ ಅಲ್ಲೇ ಕಾಣ್ತದಲ್ಲ ಅಕ್ಕಾರೆ, ಇಟ್ಕೊಂಡಿರ್ತೀನಿ, ಯಾವಾಗಾದ್ರೂ ಬಂದು ಒಯ್ಯಿರಿ ಎಂದಳು ಆ ಹೆಂಗಸು. ಅಕ್ಕಿಯ ಚೀಲಕ್ಕೆ ಕೈ ಹಾಕಿದಾಗ ಅತ್ತೆ ಮಲಗಿದಲ್ಲಿಂದಲೇ ಹೇಳಿದರು.

"ಅಕ್ಕಿ ಇಳಿಸ್ಬ್ಯಾಡ."

"ಅತ್ತಿ, ಇದರ ಭಾರಕ್ಕೇ ಗಾಡಿ ತಳ ಬಡೀತು. ನಿಮ್ಮ ಕಣ್ಣು ಹೋಗ್ತದ್ರೀ."

"ಕಾಯಿ ಇಳ್ಸು, ಬೆಲ್ಲ ಇಳ್ಸು. ಉಡಿ ತುಂಬಿದ ಅಕ್ಕಿ ದಾರೀಲಿ ಇಳ್ಸಿದ್ರೆ ನಾನೂ ಇಲ್ಲೇ ಇಳೀತೀನಿ."

"ಹಟ ಮಾಡ್ಬ್ಯಾಡ್ರಿ, ನಿಮ್ಮ ಕಾಲಿಗೆ ಬೀಳ್ತೀನಿ."

"ನೋಡು, ಈ ಕಣ್ಣು ಉಳಿದೀತೋ ಇಲ್ವೋ. ಇವತ್ತು ಬೆಳಿಗ್ಗೆ ತವರು ನೋಡಿದ್ದೇ ಕಡೆ ಆದ್ರೂ ಆಗಬಹುದು. ಆ ಅಕ್ಕಿ ಮನೆ ಮುಟ್ಟಿದ್ರೆ ಮತ್ತೆ ಹೋಗ್ತೀನಿ ಅಂತ ನಂಗೊಂದು ಧೈರ್ಯ. ಅದನ್ನ ಬಿಟ್ಟು ಬಾ ಅಂತ ಹೇಳ್ಬ್ಯಾಡ."

ನನಗೆ ಅವರ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಅಲ್ಲೇ ಡಿಕ್ಕಿಗೆ ಹಣೆ ಆನಿಸಿ ನಿಂತೆ. ವಾದ ಮಾಡಲು ಹೊತ್ತಿರಲಿಲ್ಲ, ಗೆಲ್ಲುವ ಆಸೆಯೂ ಇರಲಿಲ್ಲ. ಹಾಗೆ ನಿಂತಾಗಲೇ ಮೇಸ್ತ್ರಿಯ ಇನ್ನೊಂದು ಮಾತು ನೆನಪಾದದ್ದು. ಗಟ್ಟಿ ಸ್ಪ್ರಿಂಗಿಗೆ ಭಾರ ಶತ್ರುವಲ್ಲ ಎಂದಿದ್ದರು. ಖಾಲಿ ಇದ್ದಾಗಲೇ ಅದು ಒದೆಯುವುದು, ಮೇಲೆ ಭಾರ ಬಿದ್ದರೆ ಅದೂ ಮೆತ್ತಗಾಗುತ್ತದೆ. ಆದರೆ ಭಾರ ಚಕ್ರದ ಹಿಂದಕ್ಕೆ ಜೋಲಬಾರದು, ನಾಲ್ಕು ಚಕ್ರದ ನಡುವೆ ಇರಬೇಕು. ಆ ದಿನ ನನಗೆ ಟ್ರ್ಯಾಕಿನ ಚಿಂತೆ, ಈ ಮಾತನ್ನು ಕಿವಿಯ ಮೇಲೆ ಹಾಕಿಕೊಂಡಿರಲಿಲ್ಲ.

ಜೋಳದ ಹೆಂಗಸು ಒಂದು ಕಡೆ, ನಾನು ಒಂದು ಕಡೆ ಹಿಡಿದು ಎರಡು ಚೀಲವನ್ನೂ ಡಿಕ್ಕಿಯಿಂದ ಎತ್ತಿದೆವು. ಹಿಂದಿನ ಬಾಗಿಲು ತೆರೆದು, ಅತ್ತೆ ಮಲಗಿದ್ದ ಸೀಟಿನ ಮುಂದೆ, ಕಾಲಿಡುವ ಜಾಗದಲ್ಲಿ ಅಡ್ಡಡ್ಡ ಮಲಗಿಸಿದೆವು. ಸೀಟಿಗೂ ಚೀಲಕ್ಕೂ ನಡುವೆ ಸಂದಿಯೇ ಉಳಿಯಲಿಲ್ಲ. ಅತ್ತೆ ಉರುಳುವ ಹೆದರಿಕೆಯೂ ತಪ್ಪಿತು. ಅವರು ಒಂದು ಕೈಯನ್ನು ಚೀಲದ ಮೇಲೆ ಇಟ್ಟುಕೊಂಡರು.

ಆಮೇಲೆ ತಿರುಪು. ಪೂರ್ತಿ ಸಡಿಲ ಮಾಡಿದ್ದೇ ತೊಟ್ಟಿಲಾಟಕ್ಕೆ ಕಾರಣ ಎಂದು ಅಷ್ಟು ಹೊತ್ತಿಗೆ ನನ್ನ ಮಂದ ತಲೆಗೆ ಹೊಳೆದಿತ್ತು. ಸ್ಪ್ರಿಂಗು ಗಟ್ಟಿ ಇದ್ದರೆ ಅದನ್ನು ಹಿಡಿಯುವ ಶಾಕಿಗೂ ತಕ್ಕ ಬಿಗಿ ಇರಬೇಕು. ಪೂರ್ತಿ ಬಿಗಿಯೂ ಬೇಡ, ಪೂರ್ತಿ ಸಡಿಲವೂ ಬೇಡ. ನಾಲ್ಕನ್ನೂ ಅಂದಾಜಿನ ನಡುವಿಗೆ ತಂದೆ. ತಪ್ಪಾದರೆ ತಿದ್ದಿಕೊಳ್ಳಲು ಟ್ರ್ಯಾಕಿನಲ್ಲಿ ಇನ್ನೊಂದು ಸುತ್ತು ಸಿಗುತ್ತದೆ. ಇಲ್ಲಿ ಸಿಗುವುದಿಲ್ಲ.

ಮೊದಲ ಹಂಪಿಗೆ ಉಸಿರು ಬಿಗಿಹಿಡಿದು ಹೋದೆ. ಕಾರು ಏರಿತು, ಇಳಿಯಿತು, ಅಲ್ಲಿಗೇ ನಿಂತಿತು. ಇನ್ನೊಂದು ಕುಣಿತ ಬರಲಿಲ್ಲ. ಕನ್ನಡಿಯಲ್ಲಿ ಅತ್ತೆಯ ಗದ್ದ ಅಲ್ಲಾಡಲಿಲ್ಲ. ನಾನು ಗಟ್ಟಿಯಾಗಿ ಅತ್ತುಬಿಟ್ಟೆ, ಅಳುತ್ತಲೇ ಗೇರು ಬದಲಿಸಿದೆ.

"ಯಾಕೆ ಅಳ್ತೀಯ?" ಎಂದರು ಅತ್ತೆ.

"ಗಾಡಿ ಚಲೋ ಹೊಂಟದ್ರೀ, ಅದಕ್ಕೆ."

"ಹುಚ್ಚಿ."

ಅಲ್ಲಿಂದ ಮುಂದೆ ನಾನು ಓಡಿಸಿದ ಹಾಗೆ ಯಾವ ಟ್ರ್ಯಾಕಿನಲ್ಲೂ ಓಡಿಸಿಲ್ಲ. ಬ್ರೇಕನ್ನು ಒತ್ತುವಾಗ ಮೆಲ್ಲಗೆ, ಬಿಡುವಾಗ ಇನ್ನೂ ಮೆಲ್ಲಗೆ. ಸ್ಟೀರಿಂಗನ್ನು ಒಮ್ಮೆಲೇ ತಿರುಗಿಸಲಿಲ್ಲ. ದೂರದ ಗುಂಡಿಯನ್ನು ದೂರದಲ್ಲೇ ನೋಡಿ, ಚಕ್ರಗಳ ನಡುವೆ ಅದು ಹಾಯುವ ಹಾಗೆ ಗೆರೆ ಹಿಡಿದೆ. ವೇಗವನ್ನು ಮಾತ್ರ ಬಿಡಲಿಲ್ಲ. ಹಿಂದೆ ಇದ್ದವರು ಹಾರ್ನ್ ಹೊಡೆದರು, ಮುಂದೆ ಇದ್ದವರಿಗೆ ನಾನು ಹೊಡೆದೆ. ಶಿಕಾರಿಪುರದಲ್ಲಿ ನಮ್ಮ ಅಂಗಡಿಯ ಮುಂದೆಯೇ ಹಾದುಹೋದೆ. ಬಹಳ ಹೊತ್ತಿನ ಮೇಲೆ ಅತ್ತೆ ಕೇಳಿದರು.

"ಶಿಕಾರಿಪುರ ಇನ್ನೂ ಬರ್ಲಿಲ್ವಾ?"

"ಅದು ದಾಟಿ ಎಷ್ಟೋ ಹೊತ್ತಾತು ಅತ್ತಿ."

"ಹೌದಾ? ಬಸ್‌ಸ್ಟ್ಯಾಂಡಿನ ಹಂಪು ನಂಗೆ ಗೊತ್ತೇ ಆಗ್ಲಿಲ್ವಲ್ಲ."

ಅದಕ್ಕಿಂತ ದೊಡ್ಡ ಬಹುಮಾನ ನನಗೆ ಯಾವ ರೇಸಿನಲ್ಲೂ ಸಿಕ್ಕಿಲ್ಲ. ಆದರೆ ಕಪ್ಪು ಏರುವುದು ನಿಂತಿರಲಿಲ್ಲ. ಶಿವಮೊಗ್ಗದ ಹೊರಗಿನ ಸಿಗ್ನಲ್ಲಿನಲ್ಲಿ ಕೇಳಿದಾಗ ಟವೆಲ್ಲಿನ ಮೇಲಂಚು ಮಾತ್ರ ಕಾಣುತ್ತದೆ ಎಂದರು. ಆಸ್ಪತ್ರೆಯ ಬಾಗಿಲಲ್ಲಿ ಸ್ಟ್ರೆಚರು ಬಂದಾಗ ನಾನು ಕೇಳಲಿಲ್ಲ. ಕೇಳುವ ಧೈರ್ಯ ಇರಲಿಲ್ಲ.

ಅಂದೇ ಆಪರೇಷನ್ ಆಯಿತು. ದಾವಣಗೆರೆಯಿಂದ ನೇರ ಬಂದ ನಮ್ಮ ಮನೆಯವರು ನನ್ನ ಪಕ್ಕ ಬೆಂಚಿನ ಮೇಲೆ ಕೂತರು. ಮೆತ್ತನೆಯ ಸ್ಪ್ರಿಂಗು ಹಾಕಿಸಬೇಕಿತ್ತು ಎಂದು ಅವರು ಹೇಳುತ್ತಾರೆಂದು ಕಾಯುತ್ತಿದ್ದೆ, ಹೇಳಿದ್ದರೆ ತಿರುಗಿ ಬೀಳಲೂ ಸಿದ್ಧಳಿದ್ದೆ. ಅವರು ಟೀ ತಂದುಕೊಟ್ಟರು. ಆ ಭಾನುವಾರ ಸೊರಬದಲ್ಲಿ ರೇಸು ನಡೆದದ್ದು ನನಗೆ ಮರೆತೇ ಹೋಗಿತ್ತು. ಯಾರು ಗೆದ್ದರೆಂದು ಇವತ್ತಿಗೂ ಕೇಳಿಲ್ಲ.

ಪಟ್ಟಿ ಬಿಚ್ಚಿದ ಮೇಲೆ, ಪರದೆ ಅಂಟಲೆಂದು ಆಪರೇಷನ್ನಿನಲ್ಲಿ ಕಣ್ಣೊಳಗೆ ತುಂಬಿದ್ದ ಗಾಳಿ ಕರಗಿದ ಮೇಲೆ, ಅತ್ತೆಗೆ ನೋಟ ಬಂತು. ಪರದೆಯನ್ನು ಮತ್ತೆ ಅಂಟಿಸಿದ್ದೇವೆ, ಕಣ್ಣು ಉಳಿದಿದೆ ಎಂದರು ಡಾಕ್ಟರು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು ಇನ್ನೊಂದು ವಿಷಯ ಹೇಳಿದರು. ಬಿಚ್ಚಿದ ಅಂಚು ನಡುಭಾಗವನ್ನು ತುಸು ಮುಟ್ಟಿತ್ತು. ಇನ್ನು ಮುಂದೆ ನೇರವಾಗಿರುವುದು ಅವರಿಗೆ ಸ್ವಲ್ಪ ಡೊಂಕಾಗಿ, ಸಪಾಟಾಗಿರುವುದು ಉಬ್ಬಿದ ಹಾಗೆ ಕಾಣಬಹುದು. ಕೆಲವರಿಗೆ ಸರಿಹೋಗುತ್ತದೆ, ಕೆಲವರಿಗೆ ಇಲ್ಲ. ದಾರಿಯಲ್ಲಿ ಒಂದು ಕಡೆ ಜೋರಾಗಿ ಬಡಿಯಿತು, ಅದರಿಂದ ಹೀಗಾಯಿತೇ ಎಂದು ಕೇಳಿದೆ. ಅದನ್ನು ಯಾರೂ ಹೇಳಲು ಬರುವುದಿಲ್ಲ ಎಂದರು.

ಅತ್ತೆ ಮನೆಗೆ ಬಂದು ಹೊಸ ಅಕ್ಕಿಯ ಅನ್ನ ಉಂಡರು. ನಾನು ಶಾಕಿನ ತಿರುಪನ್ನು ನಡುವಿನಿಂದ ಕದಲಿಸಲೇ ಇಲ್ಲ. ಮಳೆಗಾಲ ಕಳೆಯಿತು, ಮತ್ತೆ ಕೊಯ್ಲು ಬಂತು, ಡಾಕ್ಟರು ಇನ್ನು ಎಲ್ಲಿಗೆ ಬೇಕಾದರೂ ಹೋಗಬಹುದು ಎಂದರು. ಕುಪ್ಪಗಡ್ಡೆಗೆ ಹೋಗೋಣ ನಡಿ ಎಂದು ಅತ್ತೆ ಬೆಳಿಗ್ಗೆಯೇ ಸೀರೆ ಉಟ್ಟು ಕೂತರು. ಮುಂದಿನ ಸೀಟಿನಲ್ಲಿ ನನ್ನ ಪಕ್ಕ ಕೂತು, ಬೆಲ್ಟು ಹಾಕಿಸಿಕೊಂಡು, ಒಂದೇ ಕಣ್ಣಲ್ಲಿ ರಸ್ತೆಯನ್ನು ದಿಟ್ಟಿಸುತ್ತಾ ಬಂದರು.

ಉಡುತಡಿಯ ಆಚೆ ರಸ್ತೆಗೆ ಹೊಸದಾಗಿ ಡಾಂಬರು ಹಾಕಿದ್ದರು. ಕರಿಹಲಗೆಯ ಹಾಗೆ ನುಣ್ಣಗಿತ್ತು. ಒಂದು ಹಂಪಿಲ್ಲ, ಒಂದು ಗುಂಡಿಯಿಲ್ಲ. ಅತ್ತೆ ಡ್ಯಾಶ್‌ಬೋರ್ಡನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು.

"ಎಂತ ರಸ್ತೆ ಮಾಡ್ಯಾರೆ ಮಾರಾಯ್ತಿ, ಎಲ್ಲಿ ನೋಡಿದ್ರೂ ಉಬ್ಬು ತಗ್ಗು," ಎಂದರು. ಸ್ವಲ್ಪ ದೂರ ಹೋದ ಮೇಲೆ ಕೈ ಸಡಿಲಿಸಿದರು. ಮುಖದಲ್ಲಿ ನಗು ಬಂತು. "ಇಷ್ಟು ಹಾಳು ರಸ್ತೆ ಆದ್ರೂ ಗಾಡಿ ಒಂದಿಷ್ಟೂ ಕುಲುಕ್ತಿಲ್ಲ ನೋಡು. ಗಟ್ಟಿದೇ ಹಾಕ್ಸು ಅಂತ ಅವತ್ತು ಹೇಳಿದ್ದು ಯಾರು?"

"ನೀವೇ ಅತ್ತಿ," ಎಂದೆ.

"ಮುಂದೆ ಒಂದು ದೊಡ್ಡದು ಅದೆ, ಹುಷಾರಿ," ಎಂದು ಅವರು ಬೆರಳು ತೋರಿಸಿದರು.

ನಾನು ಮೆಲ್ಲಗೆ ಬ್ರೇಕ್ ಒತ್ತಿ, ಎರಡನೇ ಗೇರಿಗೆ ಬಂದು, ಅವರು ತೋರಿಸಿದ ಆ ನುಣ್ಣನೆಯ ಜಾಗವನ್ನು ಹಂಪು ದಾಟಿಸುವ ಹಾಗೆ ನಿಧಾನಕ್ಕೆ ದಾಟಿಸಿದೆ.